ದಾಂಡೇಲಿಗೆ ಹೋದ್ರೆ ಮೊದ್ಲು ಟಿಂಬರ್ ಡಿಪೋಗೆ ಹೋಗಿ

ದಾಂಡೇಲಿ ಅಂದ್ರೆ ನಮ್ಮ ಆಫೀಸಲ್ಲಿ ಎಲ್ರಿಗೂ ಗೊತ್ತಿರೋದು ರಾಫ್ಟಿಂಗ್ ಒಂದೇ. ಶುಕ್ರವಾರ ರಾತ್ರಿ ಟಿಟಿ ಹತ್ತೋದು, ಶನಿವಾರ ಬೋಟಲ್ಲಿ ಕೂತು ಕಿರುಚೋದು, ರಾತ್ರಿ ಕ್ಯಾಂಪ್‌ಫೈರ್, ಭಾನುವಾರ ಒಂದು ಸಫಾರಿ ಮಾಡಿ ಹುಲಿ ಕಾಣ್ಲಿಲ್ಲ ಅಂತ ಬೈಕೊಂಡು ವಾಪಸ್. ತಪ್ಪೇನಿಲ್ಲ ಬಿಡಿ, ನಂಗೂ ರಾಫ್ಟಿಂಗ್ ಇಷ್ಟಾನೇ, ಕೆಳಗೆ ಅದ್ರ ಬಗ್ಗೇನೂ ಬರ್ದಿದೀನಿ. ಆದ್ರೆ ಹಕ್ಕಿ ನೋಡೋ ಹುಚ್ಚು ಸ್ವಲ್ಪನಾದ್ರೂ ಇರೋರು ಕೇಳಿದ್ರೆ ನಾನು ಹೇಳೋದು ಒಂದೇ ಮಾತು, ಕಾಡಿನ ಗೇಟಿಗೆ ಹೋಗೋಕಿಂತ ಮುಂಚೆ ಊರೊಳಗಿರೋ ಟಿಂಬರ್ ಡಿಪೋಗೆ ಹೋಗಿ. ಹೌದು, ಕಡಿದ ಮರ ತಂದು ಪೇರಿಸಿಡೋ ಜಾಗಾನೇ.

ಈ ಸಲ ನಾವು ಹೋಗಿದ್ದು ಫೆಬ್ರವರಿಲಿ. ಹೆಂಡ್ತಿ ತವರುಮನೆ ಧಾರವಾಡ, ಅಲ್ಲಿಂದ ಹಳಿಯಾಳದ ಮೇಲೆ ದಾಂಡೇಲಿ ಒಂದೂವರೆ ಗಂಟೆ ದಾರಿ ಅಷ್ಟೇ. ನಮ್ಮ ಮಾವನವರು ಕೂಡ ಬಂದ್ರು. ಅವರಿಗೆ ಹಕ್ಕಿ ಗಿಕ್ಕಿ ಏನೂ ಬೇಕಾಗಿರ್ಲಿಲ್ಲ, ಉಳವಿಗೆ ಹೋಗಿ ಚೆನ್ನಬಸವಣ್ಣನ ದರ್ಶನ ಮಾಡ್ಬೇಕಿತ್ತು, ಗಾಡಿ ಹೇಗೂ ಹೊರಟಿದೆ ಅಂತ ಕೂತ್ಕೊಂಡ್ರು. ಅತ್ತೆ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮಾದ್ಲಿ ಎಲ್ಲಾ ಕಟ್ಟಿಕೊಟ್ಟಿದ್ರು, ದಾಂಡೇಲೀಲಿ ಏನೂ ಸಿಗಲ್ವೇನೋ ಅನ್ನೋ ಹಾಗೆ.

ಮೊದ್ಲು ಈ ಕಾಡು ಎಷ್ಟು ದೊಡ್ಡದು ಅಂತ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಜನ ದಾಂಡೇಲಿ ಅಂದ್ರೆ ಒಂದು ಪಾರ್ಕು ಅನ್ಕೊಂಡಿರ್ತಾರೆ. 1956ರಲ್ಲೇ ದಾಂಡೇಲಿ ವನ್ಯಜೀವಿಧಾಮ ಆಯ್ತು, ಆಮೇಲೆ 1987ರಲ್ಲಿ ಪಕ್ಕದ ಅಣಶಿ ರಾಷ್ಟ್ರೀಯ ಉದ್ಯಾನ, ಎರಡನ್ನೂ ಸೇರಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಮಾಡಿದ್ರು, 2015ರ ಡಿಸೆಂಬರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅಂತ ಹೆಸರು ಬಂತು. ಒಟ್ಟು 1300 ಚದರ ಕಿ.ಮೀ. ಆಸುಪಾಸು. ಅದ್ರ ನಡುವೆ ಕಾಳಿ ನದಿ. ಜೋಯಿಡಾ ತಾಲೂಕಿನ ಡಿಗ್ಗಿ ಕಡೆ ಹುಟ್ಟಿ 184 ಕಿ.ಮೀ. ಹರಿದು ಕಾರವಾರದ ಹತ್ರ ಸಮುದ್ರ ಸೇರೋ ನದಿ ಇದು. ಹುಟ್ಟೋದು, ಸೇರೋದು ಎರಡೂ ಉತ್ತರ ಕನ್ನಡ ಜಿಲ್ಲೆಯೊಳಗೇನೇ, ಆದ್ರೆ ಅಷ್ಟ್ರೊಳಗೆ ಎಷ್ಟು ಕೆಲಸ ಮಾಡಿಸ್ಕೊಂಡಿದೀವಿ ನೋಡಿ ಅದ್ರ ಹತ್ರ. ಸೂಪಾ ಡ್ಯಾಮು, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ, ಮೇಲಿಂದ ಕೈಗಾ ಅಣು ಸ್ಥಾವರ. ದಾಂಡೇಲೀಲಿ 50ರ ದಶಕದಲ್ಲಿ ಶುರುವಾದ ಪೇಪರ್ ಮಿಲ್ಲು, ಅದಕ್ಕೆ ಈ ಕಾಡಿನ ಬಿದಿರು. ಕಾಡಿನೊಳಗೆ ಮ್ಯಾಂಗನೀಸ್ ಗಣಿಗಳು. ಅದಕ್ಕೂ ಮುಂಚೆ ಬ್ರಿಟಿಷರ ಕಾಲದಿಂದ ಸಾಗವಾನಿ. ಯಾರೂ ಮುಟ್ಟದೇ ಉಳಿದ ಕಾಡು ಅಲ್ಲ ಇದು, ಎಲ್ರೂ ಕೈ ಹಾಕಿ ಉಳಿದ ಕಾಡು.

ಡಿಪೋ ವಿಷಯಕ್ಕೆ ಬರ್ತೀನಿ. ಬೆಳಗ್ಗೆ ಆರೂವರೆಗೇ ಅಲ್ಲಿದ್ವಿ, ಆಫೀಸಲ್ಲಿ ಕೇಳ್ಕೊಂಡು ಒಳಗೆ ಹೋಗೋದು, ಅಲ್ಲಿ ಕೆಲಸ ಮಾಡೋರಿಗೆ ಕ್ಯಾಮೆರಾ ಹಿಡ್ಕೊಂಡು ಬರೋರು ಹೊಸಬರಲ್ಲ. ಎರಡೂ ಕಡೆ ಸಾಗವಾನಿ, ಮತ್ತಿ, ಬೀಟೆ ದಿಮ್ಮಿಗಳ ರಾಶಿ, ಪ್ರತಿ ದಿಮ್ಮಿ ಮೇಲೂ ನಂಬರ್ ಹೊಡೆದಿರ್ತಾರೆ, ಮಧ್ಯೆ ಮಧ್ಯೆ ನೆರಳಿಗೆ ಬಿಟ್ಟ ದೊಡ್ಡ ದೊಡ್ಡ ಮರಗಳು. ಮಾವನವರು ಗೇಟ್ ದಾಟ್ತಿದ್ದ ಹಾಗೆ ನಿಂತ್ಬಿಟ್ರು.

"ಅಳಿಯಂದ್ರ, ಈ ಡಿಪೋ ನನಗ ಗೊತ್ತೈತ್ರಿ. ನಮ್ಮ ಮನಿ ಕಟ್ಟೂ ಮುಂದ ಇಲ್ಲೇ ಲಿಲಾವಿನ್ಯಾಗ ಸಾಗವಾನಿ ತಗೊಂಡಿದ್ವಿ. ನಿಮ್ಮ ಅತ್ತಿ ದಿನಾ ರಂಗೋಲಿ ಹಾಕೂ ಹೊಸ್ತಿಲ ಐತೆಲ್ಲ, ಅದು ಇಲ್ಲೀದs."

ಧಾರವಾಡ ಹುಬ್ಬಳ್ಳಿ ಕಡೆ ಹಳೇ ಮನೆ ಇರೋರನ್ನ ಕೇಳಿ, ಬಾಗಿಲು ಚೌಕಟ್ಟು ಎಲ್ಲಿದು ಅಂದ್ರೆ ಅರ್ಧ ಜನ ದಾಂಡೇಲೀದು ಅಂತಾರೆ. ಅವರು ದಿಮ್ಮಿಗಳನ್ನ ತಟ್ಟಿ ತಟ್ಟಿ ನೋಡ್ಕೊಂಡು, ಇದು ಎಷ್ಟು ವರ್ಷದ್ದಿರಬಹುದು ಅದಕ್ಕೆ ಎಷ್ಟು ರೇಟು ಬರಬಹುದು ಅಂತ ಲೆಕ್ಕ ಹಾಕ್ತಾ ಹೋದ್ರು, ನಾನು ತಲೆ ಎತ್ಕೊಂಡು ಹೋದೆ. ಮೇಲೆ ಮಂಗಟ್ಟೆಗಳು.

ಹಾರ್ನ್‌ಬಿಲ್‌ಗೆ ನಮ್ಮ ಕಡೆ ಮಂಗಟ್ಟೆ ಅಂತಾರೆ. ದಾಂಡೇಲಿ ಸುತ್ತ ನಾಲ್ಕು ಜಾತಿ ಸಿಗ್ತಾವೆ. ದೊಡ್ಡದು, ಅಂದ್ರೆ ಗ್ರೇಟ್ ಹಾರ್ನ್‌ಬಿಲ್, ಕೇರಳ ಮತ್ತೆ ಅರುಣಾಚಲದವರ ರಾಜ್ಯಪಕ್ಷಿ. ಆಮೇಲೆ ಮಲಬಾರ್ ಪೈಡ್, ಕಪ್ಪು ಬಿಳಿ. ಮಲಬಾರ್ ಗ್ರೇ, ಇದು ಪಶ್ಚಿಮಘಟ್ಟ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಕಾಣೋಕೆ ಮುಂಚೆ ಅದ್ರ ಹುಚ್ಚು ನಗು ಕೇಳ್ಸುತ್ತೆ. ಕೊನೇದು ಬಯಲುಸೀಮೆ ಕಡೆನೂ ಸಿಗೋ ಇಂಡಿಯನ್ ಗ್ರೇ. ಒಂದೇ ಊರಿನ ಸುತ್ತ ನಾಲ್ಕೂ ನೋಡೋಕೆ ಆಗೋದು ಸಣ್ಣ ಮಾತಲ್ಲ. ಡಿಪೋಲಿ ರಾಜ್ಯಭಾರ ಪೈಡ್‌ದು. ದಟ್ಟ ಕಾಡಿಗಿಂತ ನದಿ ದಂಡೆ, ಸ್ವಲ್ಪ ಬಿಚ್ಚು ಬಿಚ್ಚಾಗಿರೋ ಕಾಡು ಅದಕ್ಕೆ ಇಷ್ಟ, ಹಾಗಾಗಿ ದಾಂಡೇಲಿ ಊರೇ ಅದಕ್ಕೆ ಸರಿಹೊಂದಿದೆ. ಮರದಿಂದ ಮರಕ್ಕೆ ಒಂದರ ಹಿಂದೆ ಒಂದು ಹಾರೋದು, ಇಳಿಯೋದು, ಜಗಳ ಆಡೋದು. ಕೆಳಗೆ ಲಾರಿ ಲೋಡ್ ಮಾಡ್ತಿರೋರು ತಲೆ ಎತ್ತೂ ನೋಡಲ್ಲ, ಅವರಿಗೆ ಇದು ಕಾಗೆ ಇದ್ದ ಹಾಗೆ ದಿನದ ಹಕ್ಕಿ.

ಆ ಹೊತ್ತಿಗೆ ದೊಡ್ಡ ಮಂಗಟ್ಟೆ ಒಂದು ತಲೆ ಮೇಲೆ ಹಾದು ಹೋಯ್ತು. ನೋಡಿರದೇ ಇದ್ದೋರಿಗೆ ಹೇಳ್ತೀನಿ, ಈ ಹಕ್ಕಿ ರೆಕ್ಕೆ ಸದ್ದು ಮೊದ್ಲು ಬರುತ್ತೆ, ಆಮೇಲೆ ಹಕ್ಕಿ. ರೆಕ್ಕೆಯ ದೊಡ್ಡ ಗರಿಗಳ ಬುಡ ಮುಚ್ಚೋಕೆ ಬೇರೆ ಹಕ್ಕಿಗಳಿಗಿರೋ ಹಾಗೆ ಅಡಿಲಿ ಸಣ್ಣ ಗರಿಗಳಿರಲ್ಲ, ಗಾಳಿ ಸಂದಿಯಿಂದ ನುಗ್ಗುತ್ತೆ, ಅದಕ್ಕೇ ಆ ಸದ್ದು. ಸಾಗವಾನಿ ರೇಟು ಲೆಕ್ಕ ಹಾಕ್ತಿದ್ದ ಮಾವ ಅಷ್ಟಕ್ಕೇ ನಿಲ್ಲಿಸಿ "ಏನ್ರಿ ಅದು, ಹೆಲಿಕಾಪ್ಟರ್ ಬಂದಂಗ ಬಂತು!" ಅಂದ್ರು. ಅಲ್ಲಿಂದಾಚೆ ನನ್ನ ಬೈನಾಕ್ಯುಲರ್ ನಂಗೆ ವಾಪಸ್ ಸಿಗ್ಲಿಲ್ಲ.

ಫೆಬ್ರವರಿ ಇವುಗಳಿಗೆ ಗೂಡಿನ ಕಾಲ. ಗೂಡು ಅಂದ್ರೆ ಹಳೇ ದೊಡ್ಡ ಮರದ ಪೊಟರೆ. ಹೆಣ್ಣು ಒಳಗೆ ಹೋಗಿ ಕೂತು ತನ್ನ ಹಿಕ್ಕೆ, ಮಣ್ಣು, ಹಣ್ಣಿನ ತಿರುಳು ಎಲ್ಲಾ ಸೇರಿಸಿ ಬಾಗಿಲು ಮುಚ್ಕೊಳ್ಳುತ್ತೆ, ಕೊಕ್ಕು ತೂರೋಷ್ಟು ಸೀಳು ಮಾತ್ರ ಬಿಟ್ಕೊಂಡು. ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಗಂಡೇ ಊಟ ತಂದು ಕೊಡ್ಬೇಕು, ಆ ಗಂಡಿಗೆ ಏನಾದ್ರೂ ಆದ್ರೆ ಒಳಗಿರೋ ಸಂಸಾರಾನೇ ಹೋಯ್ತು. ಹಾಗಾಗಿ ಈ ಸಮಯದಲ್ಲಿ ಒಂಟಿಯಾಗಿ ಅವಸರದಲ್ಲಿ ಓಡಾಡ್ತಿರೋ ಮಂಗಟ್ಟೆ ಕಂಡ್ರೆ ಅದು ಗಂಡು ಇರೋ ಸಾಧ್ಯತೆನೇ ಜಾಸ್ತಿ. ಕಣ್ಣು ನೋಡಿದ್ರೂ ಗೊತ್ತಾಗುತ್ತೆ, ದೊಡ್ಡ ಮಂಗಟ್ಟೇಲಿ ಗಂಡಿಗೆ ಕೆಂಪು ಕಣ್ಣು, ಹೆಣ್ಣಿಗೆ ಬಿಳಿ. ಇದನ್ನ ಹೇಳಿದ್ದಕ್ಕೆ ನನ್ನ ಹೆಂಡ್ತಿ "ಮೂರು ತಿಂಗಳು ಕೂತಲ್ಲೇ ಊಟನಾ, ನಂಗೂ ಒಂದು ಪೊಟರೆ ನೋಡಿ" ಅಂದ್ಲು. ಅವರಪ್ಪನ ಮುಂದೆ ನಾನೇನು ಹೇಳ್ಲಿ.

ಇವುಗಳ ಊಟ ಮುಖ್ಯವಾಗಿ ಆಲ, ಅತ್ತಿ, ಬಸರಿ, ಗೋಳಿ ಜಾತಿ ಹಣ್ಣುಗಳು. ಪೈಡ್ ಮಂಗಟ್ಟೆ ಕಾಸರಕನ ಹಣ್ಣೂ ತಿನ್ನುತ್ತೆ, ನಾವು ತಿಂದ್ರೆ ಕಥೆ ಮುಗೀತು ಅನ್ನೋ ವಿಷದ ಬೀಜದ ಹಣ್ಣದು, ಅವು ತಿರುಳು ಮಾತ್ರ ತಿಂದು ಬೀಜ ಉಗುಳ್ತಾವೆ. ಹಣ್ಣು ತಿಂದು ಮೈಲಿಗಟ್ಟಲೆ ಆಚೆ ಬೀಜ ಹಾಕೋದ್ರಿಂದಾನೇ ಈ ಕಾಡಿನ ಎಷ್ಟೋ ಮರ ಹುಟ್ಟೋದು. 2011ರಲ್ಲಿ ಸರ್ಕಾರ ಕಾಳಿ ನದಿ ಅಕ್ಕಪಕ್ಕದ 52.5 ಚದರ ಕಿ.ಮೀ. ಕಾಡನ್ನ ಮಂಗಟ್ಟೆಗೋಸ್ಕರಾನೇ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಅಂತ ಘೋಷಣೆ ಮಾಡ್ತು. 2018ರಿಂದ ದಾಂಡೇಲೀಲಿ ಹಾರ್ನ್‌ಬಿಲ್ ಹಬ್ಬ ಅಂತಾನೂ ಶುರುವಾಯ್ತು. ಒಂದು ಕಾಲಕ್ಕೆ ಗೂಡಿಗೆ ಬೇಕಾದ ಮುದಿ ಮರಗಳನ್ನೇ ಕಡಿದು ತಂದು ಹಾಕ್ತಿದ್ದ ಜಾಗದಲ್ಲಿ ಈಗ ಕ್ಯಾಮೆರಾ ಹಿಡ್ಕೊಂಡು ಜನ ಹಕ್ಕಿ ಎಣಿಸ್ತಾರೆ. ಇದಕ್ಕೆ ಖುಷಿ ಪಡ್ಬೇಕೋ ಏನೋ ನಂಗೆ ಪೂರ್ತಿ ತಿಳಿಯಲ್ಲ, ಅಂತೂ ಹಕ್ಕಿಗಳು ನಮ್ಮಷ್ಟು ತಲೆ ಕೆಡಿಸ್ಕೊಂಡ ಹಾಗೆ ಕಾಣ್ಲಿಲ್ಲ.

ಸಫಾರಿ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಫಣಸೋಲಿ ಗೇಟಿಂದ ಅರಣ್ಯ ಇಲಾಖೆ ಜೀಪಲ್ಲಿ ಕರ್ಕೊಂಡು ಹೋಗ್ತಾರೆ. ಕಾಡು ಚೆನ್ನಾಗಿದೆ, ಕಾಡುಕೋಣ, ಜಿಂಕೆ, ಮರದ ಮೇಲೆ ಕೆಂದಳಿಲು ಇವೆಲ್ಲಾ ಕಂಡ್ವು. ಹುಲಿ ಕಾಣೋದು ಬಹಳ ಅಪರೂಪ, ಕರಿ ಚಿರತೆ ಕಾಣುತ್ತೆ ಅಂತ ದಾಂಡೇಲಿಗೆ ಹೆಸರಿದೆ ಆದ್ರೆ ಅದೂ ಹಣೆಬರಹ. ಇದು ಬಂಡೀಪುರ ನಾಗರಹೊಳೆ ಥರ ಅಲ್ಲ, ಗಿಡ ಮರ ಒತ್ತೊತ್ತಾಗಿ ಇರೋ ಘಟ್ಟದ ಕಾಡು, ಹತ್ತು ಅಡಿ ಆಚೆ ಆನೆ ನಿಂತಿದ್ರೂ ಗೊತ್ತಾಗಲ್ಲ. ಜೀಪಿಂದ ಹಕ್ಕಿ ನೋಡೋದಂತೂ ಕಷ್ಟ, ಎಂಜಿನ್ ಸದ್ದು, ಜೊತೆಗೆ ಕೂತೋರಿಗೆ ಹುಲಿ ಬೇಕು, ನೀವು "ಸಾರ್ ಒಂದ್ನಿಮಿಷ ನಿಲ್ಸಿ ಅಲ್ಲೊಂದು ಮರಕುಟುಕ" ಅಂದ್ರೆ ಜೀಪಲ್ಲಿರೋರೆಲ್ಲ ತಿರುಗಿ ನೋಡ್ತಾರೆ. ಮಕ್ಕಳಿದ್ರೆ ಹೋಗಿ, ಹಕ್ಕಿಗೆ ಅಂತ ಹೋಗೋದಾದ್ರೆ ಆ ಸಮಯ ರಸ್ತೆ ಬದಿ ಹಣ್ಣು ಬಿಟ್ಟಿರೋ ಒಂದು ಅತ್ತಿ ಮರದ ಕೆಳಗೆ ಕಳೀರಿ. ನನ್ನ ಮಾತು ನಂಬಿ, ಹಣ್ಣಾದ ಅತ್ತಿ ಮರದ ಮುಂದೆ ಯಾವ ಸಫಾರಿನೂ ಇಲ್ಲ. ಕುಟ್ರ, ಪಿಕಳಾರ, ಹಸಿರು ಪಾರಿವಾಳ, ಮೈನಾ, ಮಂಗಟ್ಟೆ, ಅಳಿಲು, ಮಂಗ ಎಲ್ಲಾ ಪಾಳಿ ಹಚ್ಕೊಂಡು ಬರ್ತಾವೆ.

ಮಧ್ಯಾಹ್ನ ಊಟ ಮುಗಿಸಿ ಗಣೇಶಗುಡಿ ಕಡೆ ಹೊರಟ್ವಿ. ಗಣೇಶಗುಡಿ ಅಂದ್ರೆ ಸೂಪಾ ಡ್ಯಾಮ್ ಕಟ್ಟೋಕೆ ಅಂತ ಎದ್ದ ಊರು. ಡ್ಯಾಮು 101 ಮೀಟರ್ ಎತ್ತರ, 1987ಕ್ಕೆ ಮುಗೀತು, ಕಾಳಿ ಮತ್ತೆ ಪಾಂಢರಿ ಕೂಡೋ ಜಾಗದಲ್ಲಿದ್ದ ಸೂಪಾ ಅನ್ನೋ ಊರು ಅದ್ರ ಹಿನ್ನೀರಲ್ಲಿ ಮುಳುಗಿ ಹೋಯ್ತು, ಅಲ್ಲಿನ ಎಷ್ಟೋ ಜನ ರಾಮನಗರಕ್ಕೆ ಬಂದು ನೆಲೆಸಿದ್ರು. ಈಗಿನ ಜೋಯಿಡಾ ತಾಲೂಕಿಗೆ ಮೊದ್ಲು ಸೂಪಾ ತಾಲೂಕು ಅಂತಾನೇ ಹೆಸರು, ಹಳಬರು ಈಗ್ಲೂ ಹಾಗೇ ಅಂತಾರೆ. ಡ್ಯಾಮ್ ಕೆಲಸಕ್ಕೆ ಬಂಡೆ ಸಿಡಿಸ್ಬೇಕಲ್ಲ, ಆ ಸಿಡಿಮದ್ದು ಇಡೋಕೆ ಊರಿಂದ ದೂರ ಕಾಡಿನ ಮಧ್ಯೆ ಒಂದು ಕಟ್ಟಡ ಕಟ್ಟಿದ್ರು. ಡ್ಯಾಮ್ ಮುಗೀತು, ಸಿಡಿಮದ್ದು ಖಾಲಿಯಾಯ್ತು, ಆ ಮನೆ ಉಳೀತು. ಅದೇ ಈಗ ಓಲ್ಡ್ ಮ್ಯಾಗಜೀನ್ ಹೌಸ್, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರು ನಡೆಸೋ ಕ್ಯಾಂಪು. ಇಡೀ ದೇಶದಿಂದ ಹಕ್ಕಿ ಫೋಟೋ ತೆಗೆಯೋರು ಇಲ್ಲಿಗೆ ಬರ್ತಾರೆ. ಸ್ಫೋಟಕ ಇಡೋಕೆ ಜನವಸತಿ ಇಲ್ಲದ ಜಾಗ ಹುಡುಕಿದ್ರು, ಹಕ್ಕಿಗಳಿಗೂ ಅದೇ ಬೇಕಾಗಿತ್ತು.

ಅಲ್ಲಿ ಮಾಡಿರೋದು ಬಹಳ ಸರಳ. ಮರದ ನೆರಳಲ್ಲಿ ಸಣ್ಣ ಸಣ್ಣ ನೀರಿನ ತೊಟ್ಟಿ, ಸುತ್ತ ಒಂದೆರಡು ಒಣ ಕೊಂಬೆ. ಬೇಸಿಗೆ ಹತ್ರ ಬಂದ ಹಾಗೆ ಕಾಡಿನ ಸಣ್ಣ ಹಳ್ಳಗಳು ಒಣಗ್ತಾವೆ, ಹಕ್ಕಿಗಳು ಕುಡಿಯೋಕೆ, ಮೀಯೋಕೆ ಇಲ್ಲಿಗೆ ಬರ್ತಾವೆ. ನಾವು ಮಾಡೋ ಕೆಲಸ ಅಂದ್ರೆ ಬಾಯ್ಮುಚ್ಕೊಂಡು ಕೂರೋದು. ಮೂರೂವರೆ ನಾಲ್ಕಕ್ಕೆ ಹೋಗಿ ಕೂತ್ರೆ ಮೊದ್ಲು ಬರೋದು ಪಿಕಳಾರಗಳ ಗಲಾಟೆ ಗುಂಪು, ಅದ್ರಲ್ಲೂ ಗಂಟಲಲ್ಲಿ ಬೆಂಕಿ ಬಣ್ಣ ಇರೋ ಫ್ಲೇಮ್ ಥ್ರೋಟೆಡ್ ಬುಲ್‌ಬುಲ್ ನಾನು ಹತ್ರದಿಂದ ನೋಡಿದ್ದು ಇಲ್ಲೇ. ಅವು ಹೋದ್ಮೇಲೆ ಸಣ್ಣವರ ಸರದಿ, ಕಪ್ಪು ತಲೆಪಟ್ಟಿಯ ಮೊನಾರ್ಕ್, ನೀಲಿ ನೊಣಹಿಡುಕಗಳು, ಹರಟೆಮಲ್ಲಗಳು. ಆಮೇಲೆ ಶಾಮ ಹಕ್ಕಿ. ಬಿಸಿಲು ಇನ್ನೂ ಇಳಿದ್ಮೇಲೆ ನೆಲದ ಮೇಲೆ ಎಲೆ ಸರಸರ ಅಂದ್ರೆ ಅಲ್ಲಿ ನೋಡಿ, ಕಿತ್ತಳೆ ತಲೆಯ ನೆಲಸಿಳ್ಳಾರನೋ, ಹಿಮಾಲಯದಿಂದ ಚಳಿಗಾಲಕ್ಕೆ ಬಂದಿರೋ ಇಂಡಿಯನ್ ಬ್ಲೂ ರಾಬಿನ್ನೋ, ಅದೃಷ್ಟ ಇದ್ರೆ ನವರಂಗ, ಅಂದ್ರೆ ಇಂಡಿಯನ್ ಪಿಟ್ಟಾ. ನವರಂಗನೂ ಉತ್ತರದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಕಡೆ ಬರೋ ಹಕ್ಕಿ, ಮುಂಜಾನೆ ಸಂಜೆ ಕೂಗುತ್ತೆ, ಹಗಲೆಲ್ಲಾ ತರಗೆಲೆ ಕೆದಕ್ತಾ ಇರುತ್ತೆ, ಅಷ್ಟು ಬಣ್ಣ ಇದ್ರೂ ನೆರಳಲ್ಲಿ ನಿಂತ್ರೆ ಕಾಣಲ್ಲ.

ಕಾಕರಣೆ ಹಕ್ಕಿ, ಅಂದ್ರೆ ಮಲಬಾರ್ ಟ್ರೋಗನ್, ನೀರಿಗೆ ಇಳೀಲಿಲ್ಲ, ಹಿಂದಿನ ಮರದ ಕೊಂಬೇಲಿ ಬೆನ್ನು ತಿರುಗಿಸಿ ಕೂತಿತ್ತು. ಅದ್ರ ಅಭ್ಯಾಸಾನೇ ಹಾಗೆ. ಗಂಡಿಗೆ ಹೊಟ್ಟೆ ಎಲ್ಲಾ ಕಡುಗೆಂಪು, ಆದ್ರೆ ಅನುಮಾನ ಬಂದ್ರೆ ಕಂದು ಬೆನ್ನು ನಮ್ಮ ಕಡೆ ಮಾಡಿ ಅಲ್ಲಾಡದೇ ಕೂರುತ್ತೆ. ಪಕ್ಕದಲ್ಲಿ ಕೂತಿದ್ದ ಪುಣೆಯವರೊಬ್ರು ಕ್ಯಾನನ್ನಿನ ಭಾರೀ ಲೆನ್ಸ್ ಹಚ್ಕೊಂಡು ತಿರುಗಲಿ ತಿರುಗಲಿ ಅಂತ ಕಾಯ್ತಾ ಇದ್ರು, ಮಾವನವರು ಮೆತ್ತಗೆ "ಹೊಳ್ಳಿ ನೋಡವಾ ತಾಯಿ" ಅಂದ್ರು. ಗಂಡು ಹಕ್ಕಿ ಅದು. ತಿರುಗ್ಲಿಲ್ಲ ಬಿಡಿ.

ಇಲ್ಲಿ ಒಂದು ಜಗಳದ ವಿಷಯ ಹೇಳ್ಲೇಬೇಕು. ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದು. ಆ ಕ್ಯಾಂಪಲ್ಲಿ ಯಾರೂ ಮಾಡ್ಲಿಲ್ಲ, ಆದ್ರೆ ಮಾರನೇ ದಿನ ರಸ್ತೇಲಿ ಒಂದು ಗುಂಪು ಸ್ಪೀಕರ್ ಹಚ್ಚಿ ಒಂದೇ ಕೂಗನ್ನ ಮತ್ತೆ ಮತ್ತೆ ಹಾಕ್ತಿದ್ರು. ಗೂಡಿನ ಸಮಯದಲ್ಲಿ ಗಂಡು ಹಕ್ಕಿ ತನ್ನ ಜಾಗಕ್ಕೆ ಇನ್ನೊಬ್ಬ ಬಂದ ಅನ್ಕೊಂಡು ಮೇವು ಬಿಟ್ಟು ಮರಿ ಬಿಟ್ಟು ಬಂದು ಇಲ್ಲದ ಶತ್ರು ಜೊತೆ ಹೊಡೆದಾಡೋಕೆ ನಿಲ್ಲುತ್ತೆ, ಅದ್ರ ಅರ್ಧ ದಿನ ಹಾಳು, ಇವರಿಗೊಂದು ಫೋಟೋ. ನಾನು ಹೇಳಿದ್ದಕ್ಕೆ "ಎಲ್ರೂ ಮಾಡ್ತಾರೆ ಸಾರ್" ಅಂದ್ರು. ಎಲ್ರೂ ಮಾಡೋದೇ ಸಮಸ್ಯೆ ಅಲ್ವಾ. ಒಬ್ಬ ಮಾಡಿದ್ರೆ ಹಕ್ಕಿ ತಡ್ಕೊಳ್ಳುತ್ತೆ, ಪ್ರತಿ ವೀಕೆಂಡ್ ಅದೇ ಮರದ ಕೆಳಗೆ ಹತ್ತು ಗುಂಪು ಬಂದ್ರೆ ಏನು ಮಾಡ್ಬೇಕು ಅದು?

ಕೂಗು ಅಂದಾಗ ನೆನಪಾಯ್ತು, ಮರ್ಲಿನ್ ಆಪ್ ಹಾಕ್ಕೊಂಡು ಹೋಗಿ, ಕೂಗು ಕೇಳಿ ಯಾವ ಹಕ್ಕಿ ಅಂತ ಹೇಳುತ್ತೆ, ಮೊದ್ಲೇ ಪ್ಯಾಕ್ ಡೌನ್‌ಲೋಡ್ ಮಾಡ್ಕೊಳಿ, ಕಾಡಲ್ಲಿ ನೆಟ್‌ವರ್ಕ್ ನಂಬ್ಕೊಂಡು ಕೂರ್ಬೇಡಿ. ಆದ್ರೆ ಈ ಆಪಿಗೂ ಟೋಪಿ ಹಾಕೋ ಹಕ್ಕಿ ಒಂದಿದೆ ಅಲ್ಲಿ, ಭೀಮರಾಜ. ಬಾಲದ ಎರಡು ತಂತಿ ತುದಿಗೆ ಪುಟ್ಟ ಚಮಚ ಇರೋ ಕರಿ ಹಕ್ಕಿ. ಬೆಳಗ್ಗೆ ಕ್ಯಾಂಪ್ ಪಕ್ಕ ನಿಂತಾಗ ಸ್ಕ್ರೀನ್ ಮೇಲೆ ಒಂದಾದ್ಮೇಲೆ ಒಂದು ಹೆಸರು, ಶಿಕ್ರಾ ಅಂತು, ಇನ್ಯಾವುದೋ ಹರಟೆಮಲ್ಲ ಅಂತು, ಟ್ರೋಗನ್ ಅಂತು, ನಾನು ಖುಷಿಲಿ ಎಲ್ಲಾ ಕಡೆ ಬೈನಾಕ್ಯುಲರ್ ತಿರುಗಿಸಿದ್ದೇ ತಿರುಗಿಸಿದ್ದು, ಆಮೇಲೆ ನೋಡಿದ್ರೆ ಎದುರಿನ ಕೊಂಬೆ ಮೇಲೆ ಕೂತು ಒಬ್ನೇ ಭೀಮರಾಜ ಇಡೀ ಕಾಡಿನ ಮಿಮಿಕ್ರಿ ಮಾಡ್ತಿದ್ದ. ನೋಡಿದ ಹಕ್ಕಿ ದಾಖಲಿಸೋ ಈಬರ್ಡ್ ವೆಬ್‌ಸೈಟಿಗೆ ಲಿಸ್ಟ್ ಹಾಕೋರು ಇಲ್ಲಿ ಸ್ವಲ್ಪ ಹುಷಾರು, ಕಣ್ಣಿಗೆ ಕಾಣದೇ ಟಿಕ್ ಮಾಡ್ಬೇಡಿ.

ಇನ್ನು ನದಿ. ಸೂಪಾ ಪವರ್‌ಹೌಸಿಂದ ಕರೆಂಟ್ ತೆಗೆಯೋಕೆ ನೀರು ಬಿಟ್ರೆ ಮಾತ್ರ ಕೆಳಗೆ ರಾಫ್ಟಿಂಗ್‌ಗೆ ನೀರು. ರಾಜ್ಯದಲ್ಲಿ ಯಾರೋ ಎಸಿ ಹಾಕ್ಕೊಂಡ್ರೆ ಇಲ್ಲಿ ಬೋಟ್ ತೇಲುತ್ತೆ ಅಂತ ನಾನು ತಮಾಷೆ ಮಾಡ್ತಿರ್ತೀನಿ. ಅದಕ್ಕೇ ಬೇಸಿಗೇಲೂ ಕಾಳೀಲಿ ರಾಫ್ಟಿಂಗ್ ಆಗುತ್ತೆ, ಬೇರೆ ನದಿಗಳಲ್ಲಿ ಕಲ್ಲು ಬಿಟ್ಟು ಏನೂ ಇರಲ್ಲ. ರ‍್ಯಾಪಿಡ್‌ಗಳಲ್ಲಿ ಕುಣಿದಾಡಿ ಮಜಾ ಇದೆ, ಲೈಫ್ ಜಾಕೆಟ್ ಬಕಲ್ ಗಟ್ಟಿ ಇದೆಯಾ ಅಂತ ನೀವೇ ಎಳೆದು ನೋಡ್ಕೊಳಿ, ಗೈಡ್ ಹೇಳೋ ತನಕ ಕಾಯ್ಬೇಡಿ. ಆದ್ರೆ ಹಕ್ಕಿಗೆ ನದಿ ನೋಡ್ಬೇಕು ಅಂದ್ರೆ ನೀರು ಏರೋಕೆ ಮುಂಚೆ ಬೆಳಗ್ಗೆ ಹೋಗಿ, ಬಂಡೆಗಳೆಲ್ಲಾ ಮೇಲಿರ್ತಾವೆ, ನೀರುಕಾಗೆಗಳು ರೆಕ್ಕೆ ಹರಡ್ಕೊಂಡು ಕೂತಿರ್ತಾವೆ, ಕುಂಡೆಕುಸ್ಕ ಬಂಡೆಯಿಂದ ಬಂಡೆಗೆ ಓಡಾಡ್ತಿರುತ್ತೆ. ಗಣೇಶಗುಡಿಯ ದೊಡ್ಡ ಆಕರ್ಷಣೆ ಬ್ಲೂ ಇಯರ್ಡ್ ಕಿಂಗ್‌ಫಿಶರ್, ನೀಲಿ ಕಿವಿಯ ಮಿಂಚುಳ್ಳಿ. ನಮ್ಮ ಕೆರೆಗಳಲ್ಲಿ ಸಿಗೋ ಸಾಮಾನ್ಯ ಮಿಂಚುಳ್ಳಿಗೆ ಕೆನ್ನೆ ಮೇಲೆ ಕಂದುಗೆಂಪು ಪಟ್ಟಿ ಇರುತ್ತೆ, ಇದು ಬೆಳೆದ ಹಕ್ಕಿಯಾದ್ರೆ ಅಲ್ಲೂ ನೀಲಿ, ಒಟ್ಟಾರೆ ನೀಲಿನೇ ಇನ್ನೂ ಗಾಢ. ಬಿಸಿಲಿಗೆ ಬರಲ್ಲ, ದಂಡೆಯ ಕಾಡು ನೀರಿನ ಮೇಲೆ ಬಾಗಿರೋ ಕಡೆ, ನೆರಳಲ್ಲೇ ಕೂರುತ್ತೆ. ನಮ್ಮ ಹುಟ್ಟು ಹಾಕೋ ಹುಡುಗ, ಕುಣಬಿ ಸಮಾಜದವನು, ಬೈನಾಕ್ಯುಲರ್ ಇಲ್ಲದೇ ತೋರಿಸ್ದ. ನಾನು ಬೈನಾಕ್ಯುಲರ್ ಇಟ್ಕೊಂಡೂ ಅರ್ಧ ನಿಮಿಷ ಹುಡುಕ್ದೆ.

ಈ ಹುಡುಗರ ಬಗ್ಗೆ ಒಂದು ಮಾತು. ಕುಣಬಿ, ಗೌಳಿ, ಸಿದ್ದಿ ಜನ ತಲೆತಲಾಂತರದಿಂದ ಇರೋ ಕಾಡಿದು. ಜೋಯಿಡಾದಲ್ಲಿ ಕುಣಬಿಗಳು ಬೆಳೆಯೋ ಗೆಡ್ಡೆ ಗೆಣಸುಗಳದ್ದೇ ದೊಡ್ಡ ಮೇಳ ಆಗುತ್ತೆ, ಆನೆಕಾಲಿನಷ್ಟು ದಪ್ಪ ಗೆಡ್ಡೆ ಇಟ್ಟಿರ್ತಾರೆ, ಹೋಗೋಕೆ ಸಾಧ್ಯ ಆದ್ರೆ ಹೋಗಿ. ಇವರಲ್ಲಿ ಎಷ್ಟೋ ಹುಡುಗರು ಈಗ ಗೈಡ್, ಡ್ರೈವರ್, ರಾಫ್ಟಿಂಗ್ ಅಂತ ಕೆಲಸ ಮಾಡ್ತಾರೆ, ಇಂಗ್ಲಿಷ್ ಹೆಸರು, ಕನ್ನಡ ಹೆಸರು, ತಮ್ಮ ಮನೆ ಮಾತಿನ ಹೆಸರು ಮೂರೂ ಗೊತ್ತು. ರೆಸಾರ್ಟ್ ರೂಮಿಗೆ ಸಾವಿರಗಟ್ಟಲೆ ಕೊಟ್ಟು ಬಂದೋರು ಗೈಡ್ ಚಾರ್ಜಿಗೆ ಚೌಕಾಸಿ ಮಾಡೋದು ನೋಡಿದ್ರೆ ಮೈ ಉರಿಯುತ್ತೆ. ಬೆಳಗ್ಗೆ ಅವರ ಜೊತೆ ಎರಡು ಗಂಟೆ ನಡೀರಿ, ನೀವೊಬ್ರೇ ಎರಡು ದಿನ ತಿರುಗಿದ್ರೂ ಸಿಗದಷ್ಟು ಹಕ್ಕಿ ಸಿಗ್ತಾವೆ.

ರಾತ್ರಿ ನಾವು ಉಳ್ಕೊಂಡ ಕಡೆ ನದಿ ಆಚೆ ದಂಡೇಲಿ ಯಾವುದೋ ರೆಸಾರ್ಟಲ್ಲಿ ಹನ್ನೊಂದರ ತನಕ ಡಿಜೆ. ಮಂಗಟ್ಟೆ ಮೀಸಲಿನ ನದಿ ದಂಡೇಲಿ ಡಿಜೆ! ಗೂಬೆ ಕೂಗು ಕೇಳೋಣ ಅಂತ ಹೊರಗೆ ಕೂತಿದ್ದ ನಂಗೆ ಕೇಳಿಸಿದ್ದು ಮೂರು ಭಾಷೆ ಸಿನಿಮಾ ಹಾಡು. ಇದನ್ನ ಸಂಬಂಧಪಟ್ಟೋರು ಗಮನಿಸ್ಬೇಕು ಅಂತ ಬರೆದು ಕೈತೊಳ್ಕೊಳ್ಳೋದು ಸುಲಭ, ಆದ್ರೆ ಬುಕಿಂಗ್ ಮಾಡೋ ಮುಂಚೆ "ರಾತ್ರಿ ಮ್ಯೂಸಿಕ್ ಇದೆಯಾ" ಅಂತ ನಾವು ಫೋನ್ ಮಾಡಿ ಕೇಳಿ, ಇದೆ ಅಂದ್ರೆ ಬೇರೆ ಕಡೆ ಹೋಗ್ತೀವಿ ಅಂತ ಹೇಳೋಕೆ ಶುರು ಮಾಡಿದ್ರೆ ಅದು ಬೇಗ ಮುಟ್ಟುತ್ತೆ ಅನ್ಸುತ್ತೆ.

ಮಾರನೇ ದಿನ ಉಳವಿ. ಜಾತ್ರೆ ಹತ್ರ ಬಂದಿತ್ತು, ಧಾರವಾಡ ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಕೊಂಡು ಬರೋರು ರಸ್ತೆ ತುಂಬಾ. ಎತ್ತುಗಳಿಗೆ ಝೂಲಾ, ಕೊಂಬಿಗೆ ಬಣ್ಣ, ಗೆಜ್ಜೆ ಸದ್ದು, ಚಕ್ಕಡಿ ಒಳಗೆ ಅಜ್ಜಿ, ಮಕ್ಕಳು, ಹೊಟ್ಟು ಮೇವಿನ ಚೀಲ, ರೊಟ್ಟಿ ಗಂಟು. ದಾರೀಲಿ ಮರದಡಿ ಬೀಡು ಬಿಟ್ಟು ಅಲ್ಲೇ ಅಡುಗೆ. ಮಾವನವರಿಗೆ ಗುರುತಿನೋರು ಸಿಕ್ಕೇಬಿಟ್ರು, ಯಾವುದೋ ಸಂಬಂಧದ ಮೂಲಕ ಸೋದರತ್ತೆ ಮಗ ಆಗ್ಬೇಕಂತೆ, ಗಾಡಿ ನಿಲ್ಲಿಸಿ ಮಾತು. ಆ ಮಾತು ನಡೀತಿರುವಾಗ ಮೇಲೆ ಗೋಳಿ ಮರಕ್ಕೆ ಪೈಡ್ ಮಂಗಟ್ಟೆಗಳು ಬಂದು ಇಳಿದ್ವು. ಮಾವನವರು ತಕ್ಷಣ ಬೈನಾಕ್ಯುಲರ್ ತೆಗೆದು ಆ ಸಂಬಂಧಿಕರ ಕೈಗೆ ಕೊಟ್ಟು, ಹೆಣ್ಣು ಒಳಗ ಕುಂತು ಬಾಗಲಾ ಹಾಕ್ಕೊಂತೈತಿ, ಗಂಡಸು ಹೊರಗಿಂದ ಊಟಾ ತಂದು ಕೊಡ್ತಾನ, ಅಂತ ನಾನು ಹಿಂದಿನ ದಿನ ಹೇಳಿದ್ದನ್ನೆಲ್ಲಾ ತಾವೇ ಕಂಡುಹಿಡಿದ ಹಾಗೆ ಹೇಳಿದ್ರು. ಚಕ್ಕಡಿ ಅಜ್ಜಿಯೊಬ್ರು ಬಗ್ಗಿ ನೋಡಿ "ನಮ್ಮೂರಾಗ ಗಂಡಸೂರಿಗೆ ಇದನ್ನ ಯಾರರ ಹೇಳ್ರಿ" ಅಂದ್ರು.

ಹೋಗೋರಿಗೆ ಒಂದಿಷ್ಟು ವಿಷಯ ಹೇಳಿಬಿಡ್ತೀನಿ. ನವೆಂಬರಿಂದ ಮಾರ್ಚ್ ಒಳ್ಳೇ ಕಾಲ, ವಲಸೆ ಹಕ್ಕಿಗಳೂ ಇರ್ತಾವೆ, ಫೆಬ್ರವರಿ ಆದ್ಮೇಲೆ ನೀರಿನ ತೊಟ್ಟಿ ಹತ್ರ ಜನ (ಅಂದ್ರೆ ಹಕ್ಕಿಗಳು) ಜಾಸ್ತಿ. ಬಿಳಿ ಕೆಂಪು ಬಟ್ಟೆ ಬೇಡ. ದೊಡ್ಡ ಲೆನ್ಸ್ ಇಲ್ಲ ಅಂತ ಚಿಂತೆ ಬೇಡ, ಎಂಟು ಪಟ್ಟು ದೊಡ್ಡದು ತೋರಿಸೋ ಸಾಧಾರಣ ಬೈನಾಕ್ಯುಲರ್ ಸಾಕು, ಹತ್ತು ಪಟ್ಟಿಂದು ಕೈ ನಡುಗಿದ್ರೆ ಕಾಡಿನ ಕತ್ತಲೇಲಿ ಉಪಯೋಗ ಇಲ್ಲ. ಒಣಗಿದ ಕಾಲದಲ್ಲಿ ಉಣ್ಣೆ ಹುಳ ಇರ್ತಾವೆ, ಜಿಲ್ಲೇಲಿ ಮಂಗನ ಕಾಯಿಲೆ ಬರೋದೂ ಅದೇ ಉಣ್ಣೆಯಿಂದ, ಹಾಗಾಗಿ ತರಗೆಲೆ ಮೇಲೆ ಕೂರ್ಬೇಡಿ, ತುಂಬು ತೋಳು, ಪ್ಯಾಂಟ್ ಸಾಕ್ಸ್ ಒಳಗೆ, ಕಾಲಿಗೆ ಉಣ್ಣೆ ಹತ್ತದ ಹಾಗೆ ಹಚ್ಚೋ ಡೀಪಾ ಎಣ್ಣೆ, ರೂಮಿಗೆ ಬಂದು ಬಿಸಿನೀರು ಸ್ನಾನ. ಸತ್ತ ಮಂಗ ಕಂಡ್ರೆ ಹತ್ರ ಹೋಗ್ದೇ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ಹೇಳಿ. ದಾಂಡೇಲಿ ಊರ ಹತ್ರ ನದೀಲಿ ಮೊಸಳೆ ಇದಾವೆ, ಚೆನ್ನಾಗಿದೆ ಅಂತ ಕಂಡಲ್ಲಿ ಈಜೋಕೆ ಇಳೀಬೇಡಿ. ಗೂಡಿನ ಮರ ಯಾರಾದ್ರೂ ತೋರಿಸಿದ್ರೆ ದೂರದಿಂದ ನೋಡಿ ಬಂದ್ಬಿಡಿ, ಅದ್ರ ಕೆಳಗೆ ನಿಂತ್ರೆ ಗಂಡು ಊಟ ಹಿಡ್ಕೊಂಡು ಪಕ್ಕದ ಮರದಲ್ಲಿ ಕಾಯ್ತಾ ಕೂರುತ್ತೆ, ಮತ್ತೆ ಲೊಕೇಶನ್ ಎಲ್ಲೂ ಹಾಕ್ಬೇಡಿ. ನಾನೂ ಅದಕ್ಕೇ ಇಲ್ಲಿ ಹಾಕಿಲ್ಲ, ಕಾಮೆಂಟಲ್ಲಿ ಕೇಳಿದ್ರೂ ಹೇಳಲ್ಲ.

ಮಳೆಗಾಲದಲ್ಲಿ ಹೋಗೋಕೂ ಒಂದು ಕಾರಣ ಇದೆ, ಓರಿಯೆಂಟಲ್ ಡ್ವಾರ್ಫ್ ಕಿಂಗ್‌ಫಿಶರ್. ಗುಬ್ಬಿಗಿಂತ ಚಿಕ್ಕದು, ನೇರಳೆ, ಹಳದಿ, ಕಿತ್ತಳೆ ಎಲ್ಲಾ ಬಣ್ಣ ಒಂದೇ ಮೈ ಮೇಲೆ, ಮಳೆ ಶುರುವಾದ್ಮೇಲೆ ಮಣ್ಣಿನ ದಿಬ್ಬದಲ್ಲಿ ಬಿಲ ತೋಡಿ ಮರಿ ಮಾಡುತ್ತೆ. ಜುಲೈಲಿ ಹೋಗೋಣ ಅಂತಿದೀನಿ. ಮಾವನವರನ್ನ ಕೇಳ್ದೆ, ಬರ್ತೀನಿ ಅಂದ್ರು, ಆಮೇಲೆ ಇಂಬಳ ಎಷ್ಟಿರ್ತಾವೆ ಅಂತ ಯಾರೋ ಹೇಳಿದ್ರಂತೆ, ಫೋನ್ ಮಾಡಿ "ನೀವ ಹೋಗಿ ಬರ್ರಿ ಅಳಿಯಂದ್ರ, ಆದ್ರ ದುರ್ಬೀನು ಇಲ್ಲೇ ಇಟ್ಟು ಹೋಗ್ರಿ" ಅಂದಿದಾರೆ.